ಬಾಕಿ ಉಳಿದ ಆಟ

ಸಂಕ್ರಾಂತಿಯ ಮರುದಿನ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಒಂದು ಮನೆ. ಹಿಂದಿನ ರಾತ್ರಿ ರಂಗನಾಥಸ್ವಾಮಿ ದೇವಸ್ಥಾನದ ಲಕ್ಷದೀಪೋತ್ಸವ ನೋಡಿಕೊಂಡು ತಡವಾಗಿ ಮಲಗಿದ್ದ ಮನೆಮಂದಿ ತಡವಾಗಿಯೇ ಎದ್ದು, ಮಿಕ್ಕ ಎಳ್ಳುಬೆಲ್ಲ, ಕಬ್ಬಿನ ತುಂಡುಗಳನ್ನು ಮುಂದಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದರು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ಹಬ್ಬಕ್ಕೆಂದು ಹಾಸ್ಟೆಲಿನ ಗೆಳೆಯನೊಬ್ಬನನ್ನು ಕರೆತಂದಿದ್ದ. ಗೆಳೆಯ ಕಾಸರಗೋಡಿನವನು. ಮನೆಮಾತು ಕನ್ನಡ, ಹತ್ತನೆಯ ತರಗತಿಯವರೆಗೆ ಓದಿದ್ದೂ ಕನ್ನಡದಲ್ಲೇ. ಆದರೆ ಫುಟ್ಬಾಲ್ ಮಾತು ಬಂದರೆ ಅವನು ಹಳದಿ ಅಂಗಿಯ ಕಡೆಯವನು, ಅಂದರೆ ಕೇರಳ ಬ್ಲಾಸ್ಟರ್ಸ್ ತಂಡದ ಅಭಿಮಾನಿ. ಮನೆಯ ಮಗನೋ ನೀಲಿ ಅಂಗಿಯ ಬೆಂಗಳೂರು ಎಫ್‌ಸಿ ಎಂದರೆ ಪ್ರಾಣ ಬಿಡುವವನು.

ಜಗಳಕ್ಕೆ ನಾಂದಿ ಹಾಡಿದವರು ತಾತ. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅತಿಥಿಗೆ ಊರಿನ ಚರಿತ್ರೆ ಹೇಳುತ್ತ, ‘ಟಿಪ್ಪು, ಹೈದರ್ ಅಂತ ಎಲ್ಲರಿಗೂ ಗೊತ್ತು ಕಣಪ್ಪ. ಅವರಿಗಿಂತ ನೂರು ವರ್ಷ ಮೊದಲೇ ರಣಧೀರ ಕಂಠೀರವ ನರಸರಾಜ ಒಡೆಯರು ಇಲ್ಲಿಂದಲೇ ಆಳಿದರು’ ಎಂದರು. ‘ಕಂಠೀರವ’ ಎಂಬ ಹೆಸರು ಕೇಳಿದ್ದೇ ತಡ, ಹುಡುಗ ಕಿವಿ ಮುಚ್ಚಿಕೊಂಡ.

‘ಆ ಹೆಸರೊಂದನ್ನು ಹೇಳಬೇಡಿ ಅಜ್ಜಾ. ನಮಗೆ ಹೊಟ್ಟೆ ಉರಿಯುತ್ತದೆ.’

ತಾತನಿಗೆ ಅರ್ಥವಾಗಲಿಲ್ಲ. ಮಗ ಬಿದ್ದು ಬಿದ್ದು ನಕ್ಕ. ಆಮೇಲೆ ಇಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುತ್ತಾ ಕತೆ ಬಿಚ್ಚಿದರು.

ಕತೆ 2023ರ ಮಾರ್ಚ್ 3ರದು. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಗೆದ್ದವರಿಗೆ ಸೆಮಿಫೈನಲ್, ಸೋತವರಿಗೆ ಮನೆಯ ದಾರಿ. ಬ್ಲಾಸ್ಟರ್ಸ್ ಅಲ್ಲಿಯವರೆಗೆ ಮೂರು ಬಾರಿ, 2014, 2016 ಮತ್ತು 2022ರಲ್ಲಿ, ಫೈನಲ್ ತಲುಪಿ ಮೂರು ಬಾರಿಯೂ ಸೋತಿದ್ದ ತಂಡ. 2016ರ ಫೈನಲ್‌ನಲ್ಲಿ ಅವರ ಪರ ಗೋಲು ಹೊಡೆದ ಮೊಹಮ್ಮದ್ ರಫಿ ಕಾಸರಗೋಡು ಜಿಲ್ಲೆಯ ತೃಕ್ಕರಿಪುರದವರು. ಹುಡುಗನಿಗೆ ಆ ತಂಡ ಏಕೆ ಅಷ್ಟು ಹತ್ತಿರ ಎಂಬುದಕ್ಕೆ ಇದೂ ಒಂದು ಕಾರಣ.

ಅಂದು 90 ನಿಮಿಷ ಮುಗಿದರೂ ಗೋಲಿಲ್ಲ. 30 ನಿಮಿಷಗಳ ಹೆಚ್ಚುವರಿ ಅವಧಿ ಶುರುವಾಗಿ ಆರೇಳು ನಿಮಿಷವಾಗಿತ್ತು. ಬ್ಲಾಸ್ಟರ್ಸ್ ಗೋಲಿನ ಮುಂದೆ ಬೆಂಗಳೂರಿಗೆ ಒಂದು ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಇನ್ನೂ ತನ್ನವರನ್ನು ಗೋಡೆಯಂತೆ ನಿಲ್ಲಿಸುತ್ತಿದ್ದ. ಬೆಂಗಳೂರಿನ ಸುನಿಲ್ ಛೆಟ್ರಿ ತಟಕ್ಕನೆ ಚೆಂಡನ್ನು ಎತ್ತಿ ಖಾಲಿ ಬಲೆಯೊಳಗೆ ಹಾಕಿದರು. ರೆಫರಿ ಗೋಲು ಎಂದರು. ಬ್ಲಾಸ್ಟರ್ಸ್ ಆಟಗಾರರು ರೆಫರಿಯನ್ನು ಮುತ್ತಿದರು, ತಾವು ಸಿದ್ಧರಾಗಿರಲಿಲ್ಲ ಎಂದು ವಾದಿಸಿದರು. ರೆಫರಿ ಕದಲಲಿಲ್ಲ. ಆಗ ಅವರ ಕೋಚ್, ಸರ್ಬಿಯಾ ದೇಶದ ಇವಾನ್ ವುಕೊಮನೊವಿಚ್, ಗೆರೆಯ ಬಳಿಗೆ ಬಂದು ತಮ್ಮ ಹುಡುಗರನ್ನೆಲ್ಲ ಹೊರಗೆ ಕರೆದುಬಿಟ್ಟರು. ಸುಮಾರು 20 ನಿಮಿಷ ಕಾದರೂ ತಂಡ ಮರಳಲಿಲ್ಲ. ಬೆಂಗಳೂರು ಗೆದ್ದಿತೆಂದು ಘೋಷಿಸಲಾಯಿತು.

‘ಅದು ಗೋಲೇ ಅಲ್ಲ’ ಎಂದ ಕಾಸರಗೋಡಿನ ಹುಡುಗ.

‘ಗೋಲಲ್ಲ ಅಂತ ನೀನು ಹೇಳಿದ್ರೆ ಆಯ್ತಾ?’ ಎಂದ ಮಗ.

ಮನೆಯ ಯಜಮಾನರು ಪಾಂಡವಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಅಲ್ಲಿಯವರೆಗೆ ಸುಮ್ಮನೆ ಕಬ್ಬು ಸಿಗಿಯುತ್ತಿದ್ದವರು ನಿಯಮದ ಮಾತು ಬಂದಾಗ ಬಾಯಿಬಿಟ್ಟರು. ಫ್ರೀಕಿಕ್ ಸಿಕ್ಕಾಗ ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕು ಎಂಬುದು ನಿಯಮ. ಆ ದೂರ ಸಿಗುವುದು ಫ್ರೀಕಿಕ್ ಹೊಡೆಯುವವನ ಅನುಕೂಲಕ್ಕೆ. ‘ನನಗೆ ಆ ಅನುಕೂಲ ಬೇಡ’ ಎಂದು ಅವನು ಕೂಡಲೇ ಹೊಡೆಯಬಹುದು. ಆದರೆ ಅವನು ದೂರ ಕೇಳಿದರೆ, ಇಲ್ಲವೇ ರೆಫರಿಯೇ ಗೋಡೆ ಸರಿಪಡಿಸಲು ಮುಂದಾದರೆ, ಮತ್ತೆ ಸೀಟಿ ಊದುವವರೆಗೆ ಕಾಯಬೇಕು. ಅಂದಿನ ತಕರಾರೆಲ್ಲ ಈ ಎರಡರಲ್ಲಿ ಯಾವುದು ನಡೆಯಿತು ಎಂಬುದರ ಮೇಲೆ ನಿಂತಿತ್ತು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ, ಅದು ಎದುರಾಳಿ ಆಟಗಾರನಿಗೂ ಕೇಳಿಸಿತ್ತು ಎಂದು ಛೆಟ್ರಿ ಪಂದ್ಯದ ನಂತರ ವಿವರಿಸಿದರು. ಬ್ಲಾಸ್ಟರ್ಸ್ ಅದನ್ನು ಒಪ್ಪಲಿಲ್ಲ.

‘ನೋಡಿ, ಮಾಷ್ಟ್ರೇ ಒಪ್ಪಿಕೊಂಡರು, ಎರಡು ಅರ್ಥ ಇದೆ ಅಂತ’ ಎಂದು ಹುಡುಗ ಹಿಗ್ಗಿದ.

‘ನಾನೇನೂ ಒಪ್ಪಿಲ್ಲಪ್ಪ. ತೀರ್ಪು ಕೊಡೋದು ರೆಫರಿ ಕೆಲಸ. ಫೆಡರೇಷನ್ನೂ ಅವರ ಪರವೇ ಹೇಳ್ತು.’

ಅದು ನಿಜ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸ್ ಆಕ್ಷೇಪಣೆಯನ್ನು ತಳ್ಳಿಹಾಕಿತು. ಅದೇ ಮಾರ್ಚ್ 31ರಂದು ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ವಿಧಿಸಿ, ಬಹಿರಂಗ ಕ್ಷಮೆ ಕೇಳಬೇಕು, ಇಲ್ಲವಾದರೆ ದಂಡ 6 ಕೋಟಿ ಎಂದಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ. ಅವರೂ ಕ್ಷಮೆ ಕೇಳಬೇಕಿತ್ತು, ಇಲ್ಲವಾದರೆ ದಂಡ 10 ಲಕ್ಷ. ಇಬ್ಬರೂ ಕ್ಷಮೆ ಕೇಳಿದರು. ಮುಂದೆ ಮಾಡಿದ ಮೇಲ್ಮನವಿಯೂ ಫಲ ಕೊಡಲಿಲ್ಲ.

ಆದರೆ ಅಭಿಮಾನಿಗಳ ತೀರ್ಪು ಬೇರೆಯೇ ಇತ್ತು. ಸೋತು ಕೊಚ್ಚಿಗೆ ಹೋದ ಕೋಚ್‌ನನ್ನು ವಿಮಾನ ನಿಲ್ದಾಣದಲ್ಲಿ ಜನ ಗೆದ್ದು ಬಂದವನಂತೆ ಬರಮಾಡಿಕೊಂಡರು. ನಿಷೇಧ ಮುಗಿಸಿ 2023ರ ಅಕ್ಟೋಬರಿನಲ್ಲಿ ಮತ್ತೆ ಮೈದಾನಕ್ಕೆ ಬಂದಾಗಲೂ ಕೊಚ್ಚಿಯ ಕ್ರೀಡಾಂಗಣ ಅವರಿಗಾಗಿ ಎದ್ದು ನಿಂತಿತು. 2024ರ ಏಪ್ರಿಲ್‌ನಲ್ಲಿ ಅವರು ತಂಡವನ್ನು ಬಿಟ್ಟರು. ಆದರೆ ಆ ನಿರ್ಧಾರದ ಮೇಲಿನ ಚರ್ಚೆ ಅವರ ಜೊತೆ ಹೋಗಲಿಲ್ಲ.

ಹುಡುಗನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ‘ನಮ್ಮ ಕೋಚ್ ಸೋಲಿಗೆ ಹೆದರಿ ಹೋದವರಲ್ಲ ಮಾಷ್ಟ್ರೇ. ಹುಡುಗರಿಗೆ ಅನ್ಯಾಯ ಆಯಿತು ಅಂತ ಅವರ ಬೆನ್ನಿಗೆ ನಿಂತರು. ಶಿಕ್ಷೆ ಆಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೂ ನಿಂತರು. ಎಲ್ಲರೂ ತಲೆ ತಗ್ಗಿಸಿ ಆಡಿಬಿಟ್ಟರೆ ರೆಫರಿಗಳ ತಪ್ಪನ್ನು ಕೇಳುವವರು ಯಾರು?’

ಮಗನೂ ಬಿಡಲಿಲ್ಲ. ‘ಇನ್ನೂ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಆಟ ಇತ್ತು ಮಾರಾಯ. ಒಂದೇ ಒಂದು ಗೋಲು ಹಿಂದೆ ಇದ್ರಿ. ಒಂದು ಹೊಡೆದಿದ್ರೆ ಸಮ ಆಗ್ತಿತ್ತು, ಆಮೇಲೆ ಪೆನಾಲ್ಟಿ. ಗೆಲ್ಲೋ ಅವಕಾಶ ಇದ್ದ ಆಟ ಬಿಟ್ಟು ಹೋದ್ರೆ ಅದು ಧೈರ್ಯನಾ?’

ಕೋಪದಲ್ಲಿ ಅಂಗಳ ಬಿಟ್ಟ ಕತೆ ತಾತನಿಗೆ ಹೊಸದಲ್ಲ. ಅವರು ಕ್ರಿಕೆಟ್ ಕಾಲದವರು, ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಎಂದರೆ ಅವರಿಗೆ ಇಂದಿಗೂ ಕಣ್ಣು ಅರಳುತ್ತದೆ.

‘ನಮ್ಮ ವಿಶಿ ಕೂಡ ಹಾಗೆ ಹೊರಗೆ ಬಂದಿದ್ದ ಕಣ್ರೋ. ಅವನ ತಪ್ಪಲ್ಲ, ಕ್ಯಾಪ್ಟನ್ ಕರೆದ’ ಎಂದು ತಾತ ಶುರುಮಾಡಿದರು. 1978ರ ನವೆಂಬರ್ 3, ಪಾಕಿಸ್ತಾನದ ಸಾಹಿವಾಲ್. ಏಕದಿನ ಸರಣಿ 1-1ರಲ್ಲಿ ಸಮವಾಗಿತ್ತು. ಕೊನೆಯ ಪಂದ್ಯದಲ್ಲಿ ಭಾರತಕ್ಕೆ 14 ಎಸೆತಗಳಲ್ಲಿ 23 ರನ್ ಬೇಕಿತ್ತು, ಕೈಯಲ್ಲಿ 8 ವಿಕೆಟ್‌ಗಳಿದ್ದವು. ಅಂಶುಮಾನ್ ಗಾಯಕ್ವಾಡ್ ಮತ್ತು ವಿಶ್ವನಾಥ್ ಆಡುತ್ತಿದ್ದರು. ಸರ್ಫ್ರಾಜ್ ನವಾಜ್ ಸಾಲಾಗಿ ಕೈಗೆಟುಕದ ಬೌನ್ಸರ್‌ಗಳನ್ನೇ ಎಸೆದರು. ಅಂಪೈರ್ ವೈಡ್ ಕೊಡಲಿಲ್ಲ. ನಾಯಕ ಬಿಷನ್ ಸಿಂಗ್ ಬೇಡಿ ಬ್ಯಾಟ್ಸ್‌ಮನ್‌ಗಳನ್ನು ವಾಪಸು ಕರೆದು ಪಂದ್ಯವನ್ನೇ ಬಿಟ್ಟುಕೊಟ್ಟರು. ಸರಣಿ ಪಾಕಿಸ್ತಾನದ ಪಾಲಾಯಿತು.

‘ಬೇಡಿ ಸರಿಯೋ ತಪ್ಪೋ ಅಜ್ಜಾ?’

‘ಅವತ್ತು ಪೇಪರ್ ಓದಿದಾಗ ಸರಿ ಅನ್ನಿಸ್ತು. ಕಾರ್ಖಾನೆಯಲ್ಲಿ ಎಲ್ಲರೂ ಬೇಡಿ ಪರವೇ. ಎರಡು ವರ್ಷ ಕಳೆದ ಮೇಲೆ ಮೆಲ್ಬರ್ನ್ ನಡೀತು ನೋಡು, ಆಗ ಅನುಮಾನ ಬಂತು.’

1981ರ ಫೆಬ್ರುವರಿ, ಮೆಲ್ಬರ್ನ್ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ವಿಶ್ವನಾಥ್ 114 ರನ್ ಹೊಡೆದಿದ್ದ ಪಂದ್ಯ. ಎರಡನೆಯ ಇನಿಂಗ್ಸ್‌ನಲ್ಲಿ ನಾಯಕ ಗಾವಸ್ಕರ್ 70 ರನ್ ಗಳಿಸಿದ್ದಾಗ ಲಿಲ್ಲಿ ಎಸೆತಕ್ಕೆ ಎಲ್‌ಬಿಡಬ್ಲ್ಯೂ ಎಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿತ್ತು ಎಂಬುದು ಗಾವಸ್ಕರ್ ವಾದ. ಸಿಟ್ಟಿಗೆದ್ದ ಅವರು ಜೊತೆಗಾರ ಚೇತನ್ ಚೌಹಾಣ್ ಅವರನ್ನೂ ಎಳೆದುಕೊಂಡು ಹೊರಟರು. ಗಡಿಯ ಬಳಿ ತಂಡದ ಮ್ಯಾನೇಜರ್ ಶಾಹಿದ್ ದುರಾನಿ ತಡೆದು ಚೌಹಾಣ್‌ರನ್ನು ಮತ್ತೆ ಒಳಗೆ ಕಳಿಸಿದರು. ಆಟ ಮುಂದುವರಿಯಿತು. ಕೊನೆಗೆ ಆಸ್ಟ್ರೇಲಿಯಾಕ್ಕೆ ಬೇಕಿದ್ದದ್ದು 143 ರನ್. ತೊಡೆಯ ನೋವಿನಲ್ಲೇ ಬೌಲ್ ಮಾಡಿದ ಕಪಿಲ್ ದೇವ್ 28 ರನ್ನಿಗೆ 5 ವಿಕೆಟ್ ಕಿತ್ತರು. ಆಸ್ಟ್ರೇಲಿಯಾ 83ಕ್ಕೆ ಆಲೌಟ್. ಭಾರತಕ್ಕೆ 59 ರನ್ ಗೆಲುವು. ಅಂದಿನ ನಡೆಗೆ ಗಾವಸ್ಕರ್ ಮುಂದೆ ತಾವೇ ವಿಷಾದಪಟ್ಟರು.

‘ಆ ಮ್ಯಾನೇಜರ್ ಗೇಟ್ ಹತ್ರ ನಿಂತಿರಲಿಲ್ಲ ಅಂದ್ರೆ ಕಪಿಲ್ ದೇವ್ ಬೌಲಿಂಗ್ ಮಾಡೋ ಪ್ರಶ್ನೆಯೇ ಇರಲಿಲ್ಲ’ ಎಂದರು ತಾತ.

ಹುಡುಗ ಚುರುಕಾಗಿದ್ದ. ‘ಹಾಗಾದರೆ ಗೆದ್ದದ್ದಕ್ಕೆ ಅದು ಸರಿ, ಸೋತದ್ದಕ್ಕೆ ನಮ್ಮದು ತಪ್ಪು, ಅಷ್ಟೇ ಅಲ್ಲವಾ?’

ತಾತ ಸ್ವಲ್ಪ ಹೊತ್ತು ಯೋಚಿಸಿದರು. ‘ಇಲ್ಲ ಮಗಾ. ಸೋತ ನಿರ್ಧಾರ ಎಲ್ಲಾ ತಪ್ಪಲ್ಲ’ ಎಂದು ಇನ್ನೊಂದು ಪಂದ್ಯ ನೆನೆದರು. 1980ರ ಫೆಬ್ರುವರಿ, ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್. ಅಂದು ಭಾರತದ ನಾಯಕ ವಿಶ್ವನಾಥ್. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬಾಬ್ ಟೇಲರ್ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿಲ್ಲ ಎಂದು ಮನವರಿಕೆಯಾದ ವಿಶ್ವನಾಥ್ ಟೇಲರ್‌ರನ್ನು ವಾಪಸು ಕರೆದರು. ಟೇಲರ್ ಮತ್ತು ಇಯಾನ್ ಬೋಥಮ್ ಆರನೆಯ ವಿಕೆಟ್‌ಗೆ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಮತ್ತೆ ಟೆಸ್ಟ್ ತಂಡದ ನಾಯಕರಾಗಲಿಲ್ಲ.

‘ಪಂದ್ಯ ಹೋಯ್ತು. ಆದರೆ ಅದಕ್ಕೆ ಯಾರೂ ಅವನನ್ನು ಬೈಯಲಿಲ್ಲ. ಅವನು ಆಟ ನಿಲ್ಲಿಸಲಿಲ್ಲ ನೋಡು, ಆಡೋಕೆ ಬಿಟ್ಟ.’

ಮಗ ಈಗ ಗೆದ್ದೆನೆಂದು ಬೀಗಿದ. ಆದರೆ ಗೆಳೆಯನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ‘ನಿಮ್ಮ ಬೆಂಗಳೂರಿಗೆ 15 ದಿನದಲ್ಲೇ ಏನಾಯಿತು, ಅದನ್ನೂ ಹೇಳು’ ಎಂದ. ಮಗನ ಮುಖ ಸಣ್ಣದಾಯಿತು.

ಬ್ಲಾಸ್ಟರ್ಸ್ ನಂತರ ಮುಂಬೈಯನ್ನೂ ದಾಟಿ ಬೆಂಗಳೂರು ಫೈನಲ್ ತಲುಪಿತು. 2023ರ ಮಾರ್ಚ್ 18, ಗೋವಾದ ಫಟೋರ್ಡಾ. ಎದುರಾಳಿ ಎಟಿಕೆ ಮೋಹನ್ ಬಾಗಾನ್. 78ನೆಯ ನಿಮಿಷದಲ್ಲಿ ರಾಯ್ ಕೃಷ್ಣ ತಲೆಯಿಂದ ಹೊಡೆದ ಗೋಲಿನಿಂದ ಬೆಂಗಳೂರು 2-1ರಲ್ಲಿ ಮುಂದಿತ್ತು. 85ನೆಯ ನಿಮಿಷದಲ್ಲಿ ರೆಫರಿ ಬಾಗಾನ್‌ಗೆ ಪೆನಾಲ್ಟಿ ಕೊಟ್ಟರು. ತಪ್ಪು ನಡೆದದ್ದು ಪೆನಾಲ್ಟಿ ಗೆರೆಯ ಒಳಗೋ ಹೊರಗೋ ಎಂಬ ವಾದ ಇಂದಿಗೂ ಇದೆ. ದಿಮಿತ್ರಿ ಪೆಟ್ರಾಟೋಸ್ ಗೋಲು ಹೊಡೆದು ಸಮ ಮಾಡಿದರು. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಬೆಂಗಳೂರು 3-4ರಿಂದ ಸೋತಿತು. ರೆಫರಿಗಳಿಗೆ ವಿಡಿಯೊ ನೆರವು ಬೇಕೇ ಬೇಕು ಎಂದು ಬೆಂಗಳೂರು ತಂಡದ ಮಾಲೀಕರು ಪಂದ್ಯ ಮುಗಿದ ಮೇಲೆ ಬಹಿರಂಗವಾಗಿಯೇ ಹೇಳಿದರು.

‘ಅವತ್ತು ನಿನಗೂ ಹೊಟ್ಟೆ ಉರೀತಾ?’ ಎಂದ ಗೆಳೆಯ.

‘ಎರಡು ದಿನ ಊಟ ಸೇರಲಿಲ್ಲ.’

‘ನಿಮ್ಮ ಕೋಚ್ ಸೈಮನ್ ಗ್ರೇಸನ್ ತಂಡವನ್ನು ಹೊರಗೆ ಕರೆದಿದ್ದರೆ ನೀನು ಚಪ್ಪಾಳೆ ಹೊಡೀತಿದ್ದೆ. ನಿಜ ಹೇಳು.’

ಮಗ ಉತ್ತರ ಕೊಡಲಿಲ್ಲ. ಬಹುಶಃ ಹೊಡೆಯುತ್ತಿದ್ದ. ಅಭಿಮಾನ ಎಂದರೆ ಹಾಗೆಯೇ. ತನ್ನ ತಂಡದ ಕೋಪ ಸ್ವಾಭಿಮಾನವಾಗಿ ಕಾಣುತ್ತದೆ, ಎದುರು ತಂಡದ ಕೋಪ ಹಟವಾಗಿ ಕಾಣುತ್ತದೆ.

ಅಷ್ಟರಲ್ಲಿ ಕಾಫಿ ತಂದ ತಾಯಿ ಬಾಗಿಲಲ್ಲೇ ನಿಂತು ಇಷ್ಟೂ ಮಾತು ಕೇಳಿಸಿಕೊಂಡಿದ್ದರು. ಫುಟ್ಬಾಲ್ ಅವರಿಗೆ ತಿಳಿಯದು. ಅವರು ಕೇಳಿದ್ದು ಒಂದೇ ಮಾತು. ‘ಹೊರಗೆ ಬನ್ನಿ ಅಂತ ಕರೆದರಲ್ಲ, ಆಡ್ತಿದ್ದ ಹುಡುಗರನ್ನ ಯಾರಾದರೂ ಕೇಳಿದ್ರಾ, ನಿಮಗೆ ಇನ್ನೂ ಆಡಬೇಕಾ ಅಂತ?’

ಇಬ್ಬರು ಹುಡುಗರೂ ಮುಖ ಮುಖ ನೋಡಿಕೊಂಡರು. ಮೇಷ್ಟ್ರು ಮಾತ್ರ ಕಾಫಿ ಲೋಟ ಕೆಳಗಿಟ್ಟರು. ಆ ಪ್ರಶ್ನೆ ಅವರಿಗೆ ಹಳೆಯದು.

ವರ್ಷಗಳ ಹಿಂದಿನ ಮಾತು. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಹುಡುಗಿಯರ ಕಬಡ್ಡಿ ಫೈನಲ್. ಗೆದ್ದರೆ ಜಿಲ್ಲಾ ಮಟ್ಟಕ್ಕೆ ಮಂಡ್ಯಕ್ಕೆ ಹೋಗಬಹುದಿತ್ತು. ಮೇಷ್ಟ್ರ ತಂಡ ಎರಡು ಪಾಯಿಂಟ್ ಹಿಂದಿತ್ತು, ಆಟ ಮುಗಿಯಲು ಇನ್ನೂ ಆರು ನಿಮಿಷವಿತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ರೈಡ್ ಹೋಗಿ ಇಬ್ಬರನ್ನು ಮುಟ್ಟಿ ಗೆರೆ ದಾಟಿ ಬಂದಳು. ಅವಳ ಕಾಲು ಮೊದಲೇ ಲಾಬಿಗೆ ತಗುಲಿತ್ತು ಎಂದು ರೆಫರಿ ಅವಳನ್ನೇ ಔಟ್ ಮಾಡಿದರು. ತಗುಲಿರಲಿಲ್ಲ ಎಂಬುದನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರು. ವಾದ ಬೆಳೆಯಿತು. ಊರಿನವರೂ ಸೇರಿದರು. ಮೇಷ್ಟ್ರು ಸಿಟ್ಟಿನಲ್ಲಿ ‘ಬನ್ರಮ್ಮ ಹೊರಗೆ, ಇಂಥವರ ಮುಂದೆ ಆಡೋದು ಬೇಡ’ ಎಂದು ಮಕ್ಕಳನ್ನು ಕರೆದುಕೊಂಡು ಹೊರಟುಬಿಟ್ಟರು. ಎದುರು ತಂಡ ಮಂಡ್ಯಕ್ಕೆ ಹೋಯಿತು.

‘ಬಸ್ ಸ್ಟ್ಯಾಂಡಲ್ಲಿ ಜನ ನನ್ನ ಕೈ ಕುಲುಕಿದರು. ಗಂಡಸು ಅಂದ್ರೆ ನೀವು ಮೇಷ್ಟ್ರೇ ಅಂದರು. ನನಗೂ ಎದೆ ಉಬ್ಬಿತು’ ಎಂದರು ಮೇಷ್ಟ್ರು.

ವಾರದ ನಂತರ ಆ ಹುಡುಗಿ ತಂಡದ ಅಂಗಿಯನ್ನು ಒಗೆದು ಮಡಿಚಿ ಕೊಡಲು ಸ್ಟಾಫ್ ರೂಮಿಗೆ ಬಂದಳು. ಕೊಟ್ಟು ಹೋಗದೆ ನಿಂತಳು. ‘ಸಾರ್, ಇನ್ನೂ ಆರು ನಿಮಿಷ ಇತ್ತಲ್ಲ ಸಾರ್. ಮೂರು ರೈಡ್ ಆದರೂ ಹೋಗಬಹುದಿತ್ತು’ ಎಂದಳು. ದೂರುವ ದನಿಯೇನಲ್ಲ. ಲೆಕ್ಕ ಹೇಳಿದಂತೆ ಹೇಳಿದಳು. ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಅದು ಅವಳಿಗೆ ಹೈಸ್ಕೂಲಿನ ಕೊನೆಯ ವರ್ಷ. ಪರೀಕ್ಷೆ ಮುಗಿದ ಮೇಲೆ ಅವಳು ಕಬಡ್ಡಿ ಅಂಗಳಕ್ಕೆ ಇಳಿದದ್ದನ್ನು ಅವರು ಮತ್ತೆ ನೋಡಲಿಲ್ಲ.

‘ರೆಫರಿ ತಪ್ಪು ಮಾಡಿದ್ದರು. ಇವತ್ತಿಗೂ ಅದನ್ನೇ ಹೇಳ್ತೀನಿ’ ಎಂದರು ಮೇಷ್ಟ್ರು. ‘ಆದರೆ ಆ ಆರು ನಿಮಿಷ ನನ್ನದಾಗಿರಲಿಲ್ಲ ಕಣಪ್ಪ. ಆ ಮಕ್ಕಳದ್ದು. ಆಟ ಮುಗಿಸಿ ಆಮೇಲೆ ಬರೆದು ಕೊಡಬಹುದಿತ್ತು. ಮೇಲಿನವರ ಹತ್ತಿರ ಹೋಗಬಹುದಿತ್ತು. ಸಿಟ್ಟು ನನಗೆ ಬಂತು, ಆಟ ಅವರದು ಹೋಯ್ತು.’

ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈ ಮನೆಯ ಮಾತು ಫುಟ್ಬಾಲಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಮಗುವನ್ನು ಶಾಲೆಯಿಂದಲೇ ಬಿಡಿಸಿ ಬೇರೆಡೆ ಸೇರಿಸುವ ಪೋಷಕರಿದ್ದಾರೆ. ಭಾಷಣ ಸ್ಪರ್ಧೆಯ ತೀರ್ಪು ಸರಿಯಿಲ್ಲವೆಂದು ಬಹುಮಾನ ವಿತರಣೆಗೆ ಮೊದಲೇ ಮಗುವಿನ ಕೈಹಿಡಿದು ಹೊರಡುವವರಿದ್ದಾರೆ. ಅವರ ದೂರಿನಲ್ಲಿ ಹುರುಳಿಲ್ಲ ಎಂದಲ್ಲ. ಅನೇಕ ಸಲ ದೂರು ನ್ಯಾಯವಾದದ್ದೇ ಇರುತ್ತದೆ. ಅನ್ಯಾಯವನ್ನು ಕೇಳಲೇಬೇಕು, ಬರಹದಲ್ಲಿ ಕೇಳಬೇಕು, ಕೇಳಿ ಬಿಡದೆ ಬೆನ್ನು ಹತ್ತಬೇಕು. ಅದನ್ನು ಮಕ್ಕಳು ನೋಡಿ ಕಲಿಯಲೂ ಬೇಕು. ಆದರೆ ಹೊರಗೆ ನಡೆಯುವ ಮುನ್ನ ಆ ತಾಯಿ ಕೇಳಿದ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಆಡುತ್ತಿರುವುದು ಯಾರು? ಇನ್ನೂ ಎಷ್ಟು ನಿಮಿಷ ಬಾಕಿ ಇದೆ?

ಕಾಸರಗೋಡಿನ ಹುಡುಗ ಕೊನೆಗೆ ತಲೆ ಎತ್ತಿದ. ‘ಮಾಷ್ಟ್ರೇ, ಒಂದು ಒಪ್ಪುತ್ತೇನೆ. ಆಟ ಮುಗಿಸಿ ಬರಬೇಕಿತ್ತು. ಇಪ್ಪತ್ತು ನಿಮಿಷದಲ್ಲಿ ನಾವು ಒಂದು ಹೊಡೆಯುತ್ತಿದ್ದೆವು’ ಎಂದ. ಆಮೇಲೆ ಗೆಳೆಯನ ಕಡೆ ತಿರುಗಿ, ‘ಆದರೆ ಅದು ಗೋಲಲ್ಲ’ ಎಂದ.

‘ಗೋಲೇ’ ಎಂದ ಮಗ.

ತಾತ ಕೋಲು ಹಿಡಿದು ಎದ್ದರು. ‘ಏಳ್ರೋ, ಬಿಸಿಲು ಏರೋ ಮೊದಲು ರಂಗನತಿಟ್ಟಿಗೆ ಹೋಗಿ ಬನ್ನಿ. ಬಂದ ಮೇಲೆ ಮುಂದುವರಿಸಿ’ ಎಂದರು. ಹುಡುಗರಿಬ್ಬರೂ ಒಂದೇ ಬೈಕ್ ಹತ್ತಿ ಹೊರಟರು. ಬೀದಿಯ ತಿರುವಿನವರೆಗೂ ಅವರ ವಾದ ಕೇಳಿಸುತ್ತಲೇ ಇತ್ತು.